ಅಚ್ಚೇರು ಹೆಚ್ಚಿದ್ದ ಜೋಲುಗಿವಿ ಮೊಲ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಶಶಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಮೊಲ. ಬಡವನ ಗುಡಿಸಲಲ್ಲೂ ಮೊಲ, ರಾಣಿಯ ಮಡಿಲಲ್ಲೂ ಮೊಲ. ಆದರೆ ಸುಮ್ಮನೆ ‘ಮೊಲ’ ಅಂದುಬಿಟ್ಟೀರಿ, ಜೋಕೆ! ಅಲ್ಲಿಯವರಿಗೆ ಮೂಗಿನ ತುದಿಯಲ್ಲೇ ಕೋಪ. ಯಾವ ತಳಿ, ಎಷ್ಟು ತೂಕ, ಎರಡನ್ನೂ ಹೇಳಬೇಕು. ಅರಮನೆಯ ಮುಂದೆ ಕಲ್ಲಿನಲ್ಲಿ ಕೆತ್ತಿಸಿದ್ದರು: ಬೆಳೆದ ಅಂಗೈಮೊಲಕ್ಕೆ ಎರಡು ಸೇರು, ಹತ್ತಿಮೊಲಕ್ಕೆ ಮೂರು, ಜೋಲುಗಿವಿಗೆ ನಾಲ್ಕು, ಆನೆಮೊಲಕ್ಕೆ ಹತ್ತು.

ಮೊಲಗಳನ್ನು ತೂಗಿ ತಳಿ ಹೇಳುವ ಕೆಲಸ ಸಂಕವ್ವನದು. ತಕ್ಕಡಿ ಹಿಡಿಯುವುದು ಅವಳ ಗಂಡ ದುಗ್ಗಣ್ಣ. ಒಳ್ಳೆಯ ಮನುಷ್ಯ, ಆದರೆ ಎಲ್ಲಿ ನಗಬಾರದೋ ಅಲ್ಲೇ ಅವನಿಗೆ ನಗು ಬರುತ್ತಿತ್ತು.

ಒಂದು ದಿನ ಏಳು ಬೆಟ್ಟಗಳ ಆಚೆಯಿಂದ ಧೂಮಾಕ್ಷನೆಂಬ ಮಾಂತ್ರಿಕ ರೆಕ್ಕೆಯ ಹುಲಿಯ ಮೇಲೆ ಬಂದಿಳಿದ. ಇಳಿಯುವಾಗ ಅವನ ಗಡ್ಡ ಹುಲಿಯ ರೆಕ್ಕೆಗೆ ಸಿಕ್ಕಿಕೊಂಡಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿದ್ದರೆ ದುಗ್ಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಂತ್ರಿಕ ಕೆರಳಿ ಒಂದು ಚಿಟಿಕೆ ಬೂದಿ ಊದಿದ. ದುಗ್ಗಣ್ಣ ನಿಂತಿದ್ದ ಜಾಗದಲ್ಲಿ ಅವನ ಚಪ್ಪಲಿ ಮಾತ್ರ ಉಳಿಯಿತು.

“ನಿನ್ನ ಗಂಡ ಈಗ ಮೊಲ ಕಣೇ,” ಎಂದ ಧೂಮಾಕ್ಷ. “ಮೊಲದ ಜಾಣೆಯಂತಲ್ಲ ನೀನು? ಮೂರು ಪರೀಕ್ಷೆ ಗೆದ್ದರೆ ಅವನು ನಿನಗೆ. ಒಂದರಲ್ಲಿ ತಪ್ಪಿದರೂ ಸಾಯುವತನಕ ಅವನು ಹುಲ್ಲು ಮೇಯಬೇಕು.”

ಸಂಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಳಿದಳು: “ಗೆದ್ದರೆ ನಿನ್ನ ಮಂತ್ರ ನಿನಗೇ ತಿರುಗಬೇಕು. ಒಪ್ಪಿಗೆಯೋ?”

“ಒಪ್ಪಿಗೆ, ಒಪ್ಪಿಗೆ!” ಎಂದು ಅವನು ಗಡ್ಡ ನೀವಿಕೊಂಡ.

ಮೊದಲ ದಿನ ಹತ್ತು ಮೊಲ ತಂದಿಟ್ಟ. ಹತ್ತೂ ಒಂದೇ ತೂಕ. “ಒಂಬತ್ತು ಆನೆಮೊಲದ ಮರಿಗಳು. ಒಂದು ಮಾತ್ರ ಬೆಳೆದ ಅಂಗೈಮೊಲ. ಅದನ್ನು ತೋರಿಸು.”

ತಕ್ಕಡಿಯಿಂದ ಏನು ಪ್ರಯೋಜನ? ಸಂಕವ್ವ ತಕ್ಕಡಿಯನ್ನು ಮುಟ್ಟಲೇ ಇಲ್ಲ, ಕಾಲು ನೋಡಿದಳು. ಮುಂದೆ ಆನೆಯಾಗುವ ಮರಿಗೆ ಈಗಲೇ ದೊಡ್ಡ ಪಾದ, ಉದ್ದ ಕಿವಿ. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. ಒಂದಕ್ಕೆ ಮಾತ್ರ ಗುಂಡು ತಲೆ, ಗಿಡ್ಡ ಕಿವಿ, ಪುಟ್ಟ ಪಾದ. “ಇದೇ,” ಎಂದಳು. ಸರಿಯಾಗಿತ್ತು.

ಎರಡನೆಯ ದಿನ ಹತ್ತು ದೊಡ್ಡ ತುಪ್ಪಳದ ಉಂಡೆಗಳು. ಎಲ್ಲವೂ ಕುಂಬಳಕಾಯಿ ಗಾತ್ರ. “ಒಂಬತ್ತು ಮೊಲ ನನ್ನ ಮಾಯೆಯಿಂದ ಉಬ್ಬಿದವು. ನಿಜವಾದ ಹತ್ತಿಮೊಲ ಯಾವುದು? ಕೈಯಲ್ಲಿ ಮುಟ್ಟುವಂತಿಲ್ಲ, ತೂಗುವಂತಿಲ್ಲ!”

“ಬಾಯಿ ಇದೆಯಲ್ಲ,” ಎಂದಳು ಸಂಕವ್ವ. ಬಗ್ಗಿ ಒಂದೊಂದಕ್ಕೂ ಉಫ್ ಎಂದು ಊದಿದಳು. ಒಂಬತ್ತು ಉಂಡೆಗಳು ಕಲ್ಲಿನ ಹಾಗೆ ಕದಲದೆ ಕೂತವು. ಹತ್ತನೆಯದರ ಕೂದಲು ಹೂವಿನಂತೆ ಬಿಡಿಸಿಕೊಂಡು ಒಳಗಿನ ಗುಲಾಬಿ ಚರ್ಮ ಕಂಡಿತು. “ಇದೇ.” ಅದೂ ಸರಿಯಾಗಿತ್ತು. ಮಾಂತ್ರಿಕನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

ಮೂರನೆಯ ಬೆಳಗ್ಗೆ ಅಂಗಳದ ತುಂಬ ನೂರು ಜೋಲುಗಿವಿಗಳು. ಎಲ್ಲಕ್ಕೂ ಒಂದೇ ಬೂದು ಬಣ್ಣ, ಒಂದೇ ಜೋತ ಕಿವಿ. “ತೊಂಬತ್ತೊಂಬತ್ತು ನಿಮ್ಮೂರಿನವೇ. ಒಂದು ನಿನ್ನ ಗಂಡ. ಹುಡುಕು!”

ಸಂಕವ್ವ ಮೊದಲು ಮೆತ್ತಗೆ, “ಏನೂಂದ್ರೆ...” ಎಂದು ಕರೆದಳು. ನೂರು ಮೊಲಗಳೂ ಮೂಗು ಅಲ್ಲಾಡಿಸಿದವು. ಅವಳ ಕಣ್ಣಲ್ಲಿ ನೀರು ತುಂಬಿತು.

ಧೂಮಾಕ್ಷ ಗಹಗಹಿಸಿದ. “ಸುಮ್ಮನೆ ಅತ್ತು ಫಲವಿಲ್ಲ. ನಿಮ್ಮ ಕಲ್ಲಿನಲ್ಲಿ ಓದಿಯೇ ಅವನನ್ನು ಮಾಡಿದ್ದೇನೆ. ಜೋಲುಗಿವಿಗೆ ನಾಲ್ಕು ಸೇರು! ಗುಲಗಂಜಿಯಷ್ಟೂ ಹೆಚ್ಚಿಲ್ಲ, ಗುಲಗಂಜಿಯಷ್ಟೂ ಕಡಿಮೆಯಿಲ್ಲ.”

ಸಂಕವ್ವ ತಟ್ಟನೆ ಕಣ್ಣೊರೆಸಿಕೊಂಡಳು. “ಕಲ್ಲಿನಲ್ಲಿದ್ದಷ್ಟೇ ಮಾಡಿದೆಯಾ? ಸರಿಯಾಗಿ ನೆನಪಿದೆ ತಾನೇ?”

“ನನ್ನ ಗಡ್ಡದಾಣೆ!”

“ಹಾಗಾದರೆ ನನ್ನ ತಕ್ಕಡಿ ತನ್ನಿ. ಬುಟ್ಟಿಯನ್ನೂ ತನ್ನಿ.”

ಈಗ ನಿಮಗೊಂದು ಗುಟ್ಟು ಹೇಳಬೇಕು. ಮೊಲ ತಕ್ಕಡಿಯಲ್ಲಿ ಸುಮ್ಮನೆ ಕೂರುತ್ತದೆಯೇ? ಬುಟ್ಟಿಯಲ್ಲಿ ಕೂರಿಸಿಯೇ ತೂಗಬೇಕು. ಬುಟ್ಟಿಯದು ಅಚ್ಚೇರು, ಅಂದರೆ ಅರ್ಧ ಸೇರು. ಹಿಂದಿನ ಕಾಲದ ತೂಕದವನೊಬ್ಬ ಬುಟ್ಟಿಯ ತೂಕ ಕಳೆಯುವುದನ್ನೇ ಮರೆತು ಕಲ್ಲಿನಲ್ಲಿ ಕೆತ್ತಿಸಿಬಿಟ್ಟಿದ್ದ. ಪುಣ್ಯಾತ್ಮ! ರಾಜನ ಮುದ್ರೆ ಬಿದ್ದ ಕಲ್ಲನ್ನು ಅಳಿಸುವ ಧೈರ್ಯ ಯಾರಿಗಿದೆ? ಅಂದಿನಿಂದ ಶಶಾವತಿಯಲ್ಲಿ ಬುಟ್ಟಿ ಸಮೇತ ತೂಗುವುದೇ ಪದ್ಧತಿ. ನಿಜವಾದ ಜೋಲುಗಿವಿ ಬರೀ ಮೂರೂವರೆ ಸೇರು. ಇದು ಊರಿನ ಎಳೆ ಮಗುವಿಗೂ ಗೊತ್ತು. ಏಳು ಬೆಟ್ಟದ ಆಚೆಯವನಿಗೆ ಹೇಗೆ ಗೊತ್ತಾಗಬೇಕು?

ಸಂಕವ್ವ ಒಂದೊಂದನ್ನೇ ಬುಟ್ಟಿಯಲ್ಲಿಟ್ಟು ತೂಗಿದಳು. ನಾಲ್ಕು ಸೇರು. ನಾಲ್ಕು ಸೇರು. ಚೂರು ಹೆಚ್ಚು, ಚೂರು ಕಡಿಮೆ, ಮತ್ತೆ ನಾಲ್ಕು. ಅರವತ್ತಮೂರನೆಯದು ನಾಲ್ಕೂವರೆ ತೂಗಿತು! ಜನ “ಹೋ!” ಎಂದರು. ಅವಳು ಮಾತ್ರ ಅದರ ಹೊಟ್ಟೆ ಮುಟ್ಟಿ ನೋಡಿದಳು. ಮೆತ್ತಗೆ ಜೋತಾಡುವ ಕೊಬ್ಬು. “ಇದು ಬರೀ ಹೊಟ್ಟೆಬಾಕ,” ಎಂದು ಪಕ್ಕಕ್ಕಿಟ್ಟಳು. ಎಂಬತ್ತೆಂಟನೆಯದೂ ನಾಲ್ಕೂವರೆ. ಬೆನ್ನು ಗಟ್ಟಿ, ಹೊಟ್ಟೆ ಬಿಗಿ, ಬೊಜ್ಜು ಎಲ್ಲಿಯೂ ಇಲ್ಲ, ಆದರೂ ಅಚ್ಚೇರು ಹೆಚ್ಚು. ಅವಳು ಅದನ್ನೆತ್ತಿ ಎದೆಗವಚಿಕೊಂಡಳು.

“ಇವರೇ ನಮ್ಮನೆಯವರು!”

ಹಾಗೆಂದಿದ್ದೇ ತಡ, ಅವಳ ತೋಳಲ್ಲಿದ್ದ ಮೊಲ ದುಗ್ಗಣ್ಣನಾಯಿತು. ಭಾರ ತಾಳದೆ ಇಬ್ಬರೂ ದೊಪ್ಪನೆ ನೆಲಕ್ಕೆ ಬಿದ್ದರು. ಅತ್ತ ಧೂಮಾಕ್ಷ ಕುಗ್ಗಿ ಕುಗ್ಗಿ ಗಡ್ಡವಿರುವ ಮೊಲವಾದ. ತೂಗಿ ನೋಡಿದರೆ ಯಾವ ತಳಿಯ ಲೆಕ್ಕಕ್ಕೂ ಅವನು ಸೇರಲಿಲ್ಲ. ಹುಲಿ ‘ಬದುಕಿದೆಯಾ ಬಡಜೀವವೇ’ ಎಂಬಂತೆ ರೆಕ್ಕೆ ಬಿಚ್ಚಿ ಹಾರಿಹೋಯಿತು. ರಾಣಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದಳು.

ಊಟದ ಎಲೆಯ ಮುಂದೆ ದುಗ್ಗಣ್ಣ ಹೆಂಡತಿಯ ಕಿವಿಯಲ್ಲಿ ಕೇಳಿದ. “ನನ್ನ ಕಣ್ಣು ನೋಡಿ ಗುರುತು ಹಿಡಿದೆ ಅಲ್ವೇನೇ?”

“ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಅಚ್ಚೇರು ಜಾಸ್ತಿ ಇದ್ರಿ.”

ದುಗ್ಗಣ್ಣನ ಮುಖ ಸಣ್ಣಗಾಯಿತು. “ಅಚ್ಚೇರು ಸಿಗದೇ ಹೋಗಿದ್ದರೆ?”

ಸಂಕವ್ವ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. “ನೂರನ್ನೂ ಮನೆಗೆ ಕರ್ಕೊಂಡು ಹೋಗಿ ಸಾಯೋ ತನಕ ಸಾಕ್ತಿದ್ದೆ. ಅದರಲ್ಲಿ ಒಂದು ನೀವಾಗಿರ್ತಿದ್ರಲ್ಲ.”

ದುಗ್ಗಣ್ಣ ಆ ಹೋಳಿಗೆಯಲ್ಲಿ ಅರ್ಧ ಮುರಿದು ಅವಳ ಎಲೆಗಿಟ್ಟ. ಅವರಿಬ್ಬರೂ ನೂರು ವರ್ಷ ಸುಖವಾಗಿ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯೂ ತಣ್ಣಗಿರಲಿ.