ದಿಂಬು ಕರೆದ ಹೆಸರು

“ಚನ್ನಮಲ್ಲಾ...” ದಿಂಬು ಕರೆಯಿತು. ತಾಯಿಯದೇ ದನಿ, ತಾಯಿಯದೇ ಮೆಲುಪು. ಮೂರನೆಯ ಮಂಚದ ಮೇಲಿದ್ದ ನಾಲ್ಕು ವರ್ಷದ ಹುಡುಗ ಮಿಸುಕಲಿಲ್ಲ. ಬಾಯಲ್ಲಿ ಉಸಿರುನಳಿಕೆ, ಅದನ್ನು ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳಿಗೆ ಹತ್ತಿಯ ಚೀಲ ತೊಡಿಸಿ ಮಂಚದ ಸರಳಿಗೆ ಕಟ್ಟಿದ್ದರು. ತಲೆಯ ಮೇಲಿನ ದೀಪ ಕೆಂಪಾಗಿಯೇ ಉಳಿಯಿತು. ಪಕ್ಕದ ಪಂಪು ತಾನೇ ತಾನಾಗಿ ಒಂದಿಷ್ಟು ಔಷಧವನ್ನು ಅವನ ರಕ್ತನಾಳಕ್ಕೆ ತಳ್ಳಿತು. ಎರಡು ಗಂಟೆಗೊಮ್ಮೆ ಇದೇ ಆಟ, ನಾಲ್ಕು ದಿನದಿಂದ.

2058ರ ಮಾತು. ಗದಗಿನ ಆ ಮಕ್ಕಳ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಕರೆದಿಂಬು ಬಂದು ಮೂರು ವರ್ಷವಾಗಿತ್ತು. ಅದನ್ನು ಕಂಡುಹಿಡಿದವರು ನರವಿಜ್ಞಾನಿ ಡಾ. ಇಳಾ ಹಂಪಿಹೊಳಿ. ಕಾಯಿಲೆ ಬಹಳ ಜೋರಾದ ಮಕ್ಕಳಿಗೆ ಸನ್ನಿ ಹಿಡಿಯುವುದುಂಟು. ಕೂಗಾಡುವ ಸನ್ನಿಯಾದರೆ ಯಾರಿಗೂ ತಿಳಿಯುತ್ತದೆ. ಸುಮ್ಮನೆ ಬಿದ್ದುಕೊಂಡಿರುವ ಸನ್ನಿಯೇ ಕಳ್ಳ. “ಎಷ್ಟು ಶಾಣ್ಯಾ ಕೂಸು, ಒಂದೀಟೂ ಹಟಾ ಮಾಡಂಗಿಲ್ಲ” ಎಂದು ಹೊಗಳಿ ಎಲ್ಲರೂ ಮುಂದೆ ಹೋಗುತ್ತಾರೆ. ಒಳಗೆ ಕೂಸು ಏನೇನನ್ನೋ ಕಂಡು ಹೆದರಿ ಸಾಯುತ್ತಿರುತ್ತದೆ.

ಇಳಾ ಇದಕ್ಕೊಂದು ಉಪಾಯ ಹುಡುಕಿದರು. ತನ್ನ ಹೆಸರು ಕಿವಿಗೆ ಬಿದ್ದರೆ, ನಿದ್ದೆಯಲ್ಲಿದ್ದರೂ, ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಮಿದುಳಿನ ವಿದ್ಯುತ್ ಅಲೆ ಒಮ್ಮೆ ಪುಟಿಯುತ್ತದೆ. ಸನ್ನಿಯಲ್ಲಿ ಅದು ಪುಟಿಯುವುದಿಲ್ಲ. ದಿಂಬಿನೊಳಗಿನ ಕೂದಲೆಳೆಯಂಥ ತಂತಿಗಳು ಆ ಅಲೆಯನ್ನು ಹಿಡಿಯುತ್ತವೆ. ಮನೆಯವರ ದನಿಯಲ್ಲೇ ಹೆಸರನ್ನು ದಿಂಬಿಗೆ ತುಂಬಿರುತ್ತಾರೆ, ಆದರೆ ದನಿಯ ಗುರುತಿಗೆ ಪುಟಿದರೆ ಲೆಕ್ಕವಿಲ್ಲ, ಹೆಸರಿಗೆ ಪುಟಿದರಷ್ಟೇ. ಪುಟಿದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಕೆಂಪಾದರೆ ಔಷಧ. ಕೆಂಪು ಮಂಚದ ಹತ್ತಿರ ಮನೆಯವರು ಬರುವಂತಿಲ್ಲ, ಗದ್ದಲಕ್ಕೆ ಸನ್ನಿ ಏರುತ್ತದಂತೆ! ಈ ನಿಯಮಗಳನ್ನು ಬರೆದವರೂ ಇಳಾ ಅವರೇ. ನರ್ಸುಗಳು ಮಕ್ಕಳ ಕಣ್ಣು ನೋಡಿ, ತಾಯಂದಿರನ್ನು ಕೇಳಿ ತುಂಬುತ್ತಿದ್ದ ಹಳೆಯ ಪಟ್ಟಿ ಯಾವ ಮೂಲೆ ಸೇರಿತೋ ಯಾರಿಗೂ ಗೊತ್ತಿರಲಿಲ್ಲ.

ಆ ಬೆಳಗ್ಗೆ ದಿಂಬುಗಳ ತಪಾಸಣೆಗೆಂದು ಬಂದ ಇಳಾ ಅವರನ್ನು ಸಿಸ್ಟರ್ ಪ್ರಿಸಿಲ್ಲಾ ತಡೆದರು.

“ಮೇಡಂ, ಮೂರನೇ ಮಂಚದ ಹುಡುಗನ ನ್ಯುಮೋನಿಯಾ ಇಳದೈತ್ರಿ. ಇವತ್ತ ನಳಿಕಿ ತಗೀಬಹುದಿತ್ತು. ದೀಪ ಬಿಡವಲ್ದು.”

“ಸನ್ನಿ ಇದ್ದಾಗ ತಗದ್ರ ಉಸಿರು ಸಿಗದಂಗ ಆಗತೈತಿ. ಇನ್ನೊಂದು ವಾರ ನೋಡೋಣು.”

“ವಾರಾ ಅಂದ್ರ ನಳಿಕ್ಯಾಗ ಹೊಸಾ ಸೋಂಕು ಕುಂತಬಿಡತೈತ್ರಿ. ಅದನ್ನ ತಡಕೊಳ್ಳೂ ಜೀವ ಅಲ್ಲ ಅದು. ಮತ್ತ... ಔಷಧ ಬೀಳೂಕಿಂತ ಮೊದಲ ಒಂದೀಟ ಹೊತ್ತು ಅವನ ಕಣ್ಣು ನನ್ನ ಹಿಂದ ತಿರಗತಾವ್ರಿ.”

“ಕಣ್ಣು ತಿರಗೂದು ಬ್ಯಾರೆ, ತಿಳಿಯೂದು ಬ್ಯಾರೆ, ಸಿಸ್ಟರ್” ಎಂದರು ಇಳಾ. ತಮ್ಮ ಯಂತ್ರವನ್ನು ತಾವೇ ನಂಬದಿದ್ದರೆ ಹೇಗೆ?

ಗಾಜಿನ ಬಾಗಿಲಾಚೆ ಹುಡುಗನ ತಾಯಿ ದಾನಮ್ಮ ನಿಂತಿದ್ದಳು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವವಳು, ಅಷ್ಟೆತ್ತರಕ್ಕೆ ಅಂಜದವಳು. ಈ ಬಾಗಿಲ ಮುಂದೆ ನಾಲ್ಕು ದಿನದಿಂದ ಕೈಕಾಲು ಆಡದೆ ನಿಂತಿದ್ದಳು. ಇಳಾ ಹೊರಬಂದದ್ದೇ ಅವರ ತೋಳು ಹಿಡಿದಳು.

“ಅಕ್ಕಾರ, ತಪ್ಪು ನಂದ ಐತ್ರಿ. ನಾ ಹೆಸರ ಹೇಳಿಬಿಟ್ಟೆ.”

“ಯಾರ ಹೆಸರು?”

“ದಿಂಬಿನಾಗ ಹೇಳಸಿದ್ರೆಲ್ಲ, ಅದ. ನಮ್ಮ ಮಾವನವರ ಹೆಸರು. ಅವರು ತೀರಿಕೊಂಡ ವರ್ಷಾನ ಇವ ಹುಟ್ಟಿದ, ಅವರ ಹೆಸರ ಇಟ್ಟಿವಿ. ಲಗ್ನಾದಾಗಿಂದ ಒಂದ ದಿನಾನೂ ಅದು ನನ್ನ ಬಾಯಾಗ ಬಂದಿಲ್ರಿ. ಇವಗ ಎಚ್ಚರ ಇರಲಾರದ ತಂದಿದ್ವಿ. ಸಿಸ್ಟರ್ ಗುರ್ತಿನ ಕಾರ್ಡ್ ನೋಡಿ, ಈ ಹೆಸರು ಮೂರು ಸಲ ಅನ್ರಿ ಅಂದ್ರು. ಕೂಸಿನ ಜೀವಾ ಅಂತ ಅಂದಬಿಟ್ಟೆ. ಅದಕ್ಕ ಹಿಂಗಾತು.”

ಇಳಾಗೆ ಸಿಟ್ಟೂ ಬಂತು, ಮರುಕವೂ ಬಂತು. ಇಸವಿ ಬದಲಾದಷ್ಟು ಬೇಗ ಸೊಸೆಯರ ಅಂಜಿಕೆ ಬದಲಾಗುವುದಿಲ್ಲವಲ್ಲ! “ಹುಚ್ಚಿ, ಹೆಸರ ಹೇಳಿದ್ರ ಯಾರಿಗೂ ಏನೂ ಆಗಂಗಿಲ್ಲ” ಎಂದು ಅವಳ ಭುಜ ತಟ್ಟಿ ಹೊರಟರು. ಎರಡು ಹೆಜ್ಜೆ ಹೋದವರು ಗಕ್ಕನೆ ನಿಂತರು.

“ಹಂಗಾರ ಮನ್ಯಾಗ ಅವನ್ನ ಏನಂತ ಕರೀತಿ ತಂಗೀ?”

“ಮುತ್ಯಾ ಅಂತೀವ್ರಿ. ಅಜ್ಜನ ಹೆಸರಿನಾಂವಲ್ಲ, ಅದಕ್ಕ. ನಮ್ಮತ್ತಿ, ಇವರು, ಓಣಿ ಮಂದಿ, ಎಲ್ಲಾರೂ ಮುತ್ಯಾನ ಅಂತಾರ. ಇನ್ನೂ ಸಾಲಿಗೆ ಹಾಕಿಲ್ಲ. ಆ ಇನ್ನೊಂದು ಹೆಸರು ಅವಂಗ ಗೊತ್ತ ಇಲ್ರಿ.”

ಇಳಾ ತಿರುಗಿ ಗಾಜಿನಾಚೆಯ ಕೆಂಪು ದೀಪವನ್ನು ನೋಡಿದರು. ನಾಲ್ಕು ದಿನದಿಂದ ದಿಂಬು ಬೇರೆ ಯಾರನ್ನೋ ಕರೆಯುತ್ತಿದೆ. ಹುಡುಗನ ಮಿದುಳು ಯಾಕಾದರೂ ಪುಟಿಯಬೇಕು? ಪುಟಿಯಲಿಲ್ಲವೆಂದು ಔಷಧ, ಔಷಧದಿಂದ ಮಂಪರು, ಮಂಪರಿನಿಂದ ಮತ್ತೆ ಕೆಂಪು. ಬುದ್ಧಿ ನೆಟ್ಟಗಿದ್ದ ಮಗು ಬಾಯಿ ಕಟ್ಟಿ, ಕೈ ಕಟ್ಟಿ, ತನ್ನೊಳಗೇ ಸಿಕ್ಕಿಬಿದ್ದಿತ್ತು. ಅದರ ಪರವಾಗಿ ಮಾತಾಡಬೇಕಾದದ್ದು ಆ ದೀಪವೊಂದೇ, ಅದೂ ಸುಳ್ಳು ಹೇಳುತ್ತಿತ್ತು.

“ಸಿಸ್ಟರ್, ಪಂಪ್ ಬಂದ್ ಮಾಡ್ರಿ! ತಾಯೀನ ಒಳಗ ಬಿಡ್ರಿ!”

ದಾನಮ್ಮ ಮಂಚದ ಬಳಿ ಬಂದಳು. ಈಗ ಅವಳಿಗೆ ಬಾಯಿ ತೆರೆಯಲೂ ಭಯ. ಇಳಾ ದಿಂಬಿನಲ್ಲಿದ್ದ ಹೆಸರನ್ನು ಅಳಿಸಿ, ಹೊಸದನ್ನು ತುಂಬಲು ಅಣಿ ಮಾಡಿ, “ದಿನಾ ಕರಿಯೂಹಂಗ ಕರಿ” ಎಂದರು.

“ಮುತ್ಯಾ... ಏ ಮುತ್ಯಾ, ನಾ ಬಂದೀನೋ.”

ರೆಪ್ಪೆ ನಡುಗಿತು. ದೀಪ ಮಾತ್ರ ಹಸಿರಾಗಲಿಲ್ಲ, ಮೈಯೊಳಗಿನ ಔಷಧ ಇಳಿಯಬೇಕಿತ್ತು. ದಾನಮ್ಮ ಕದಲಲಿಲ್ಲ. ಇಳಾ ಕೂಡ ಊಟಕ್ಕೆ ಹೋಗಲಿಲ್ಲ. ಮಧ್ಯಾಹ್ನ ಪೂರ್ತಿ ಆ ಹೆಸರು ಮಂಚದ ಸುತ್ತ ಕೇಳಿಸುತ್ತಲೇ ಇತ್ತು. ಸಂಜೆ ನಾಲ್ಕಕ್ಕೆ ದೀಪ ಹಸಿರಾಯಿತು. ಪ್ರಿಸಿಲ್ಲಾ ಮೊದಲು ಕೈಗಳಿಗೆ ತೊಡಿಸಿದ್ದ ಚೀಲಗಳನ್ನು ಬಿಚ್ಚಿದರು. ಸಣ್ಣ ಕೈ ತಡಕಾಡಿ ತಾಯಿಯ ಬಳೆ ಹಿಡಿಯಿತು.

ಮರುದಿನ ನಳಿಕೆ ತೆಗೆದರು. ಇನ್ನೆರಡು ದಿನಕ್ಕೆ ಹುಡುಗನ ಗಂಟಲು ಬಿಟ್ಟಿತು. ಇಳಾ ಪಕ್ಕದಲ್ಲೇ ಇದ್ದರು.

“ಅವ್ವಾ, ನೀ ಯಾರನ್ನ ಕರೀತಿದ್ದಿ? ಅವ ಓ ಅನ್ನಲೇ ಇಲ್ಲ. ನಾ ಇಲ್ಲೇ ಇದ್ನೆಲ್ಲ, ನನ್ನ ಯಾಕ ಕರೀಲಿಲ್ಲ?”

ದಾನಮ್ಮ ಮಗನ ಹಾಸಿಗೆಯಲ್ಲಿ ಮುಖ ಹುದುಗಿಸಿ ಅತ್ತಳು. ಇಳಾಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೋಣೆಗೆ ಬಂದು ದಿಂಬಿನ ಮೇಲೆ ಮಲಗಿದ್ದ ಮಕ್ಕಳ ಪಟ್ಟಿ ತೆಗೆದರು. ಹತ್ತೊಂಬತ್ತು ಆಸ್ಪತ್ರೆಗಳು, ಮೂರು ವರ್ಷ. ಎಚ್ಚರವಿಲ್ಲದೆ ಬಂದು, ಒಮ್ಮೆಯೂ ದೀಪ ಹಸಿರಾಗದ ಮಕ್ಕಳು ನೂರ ಹದಿನೇಳು. ಎಲ್ಲರ ಹೆಸರೂ ಕಾರ್ಡಿನಿಂದ ಇಳಿಸಿಕೊಂಡದ್ದೇ. ಇವರಲ್ಲಿ ಸನ್ನಿ ಹಿಡಿದವರು ಯಾರು, ಸಿಕ್ಕಿಬಿದ್ದವರು ಯಾರು? ದಿಂಬನ್ನು ಕಿತ್ತೆಸೆಯುವಂತೆಯೂ ಇಲ್ಲ. ಎಸೆದರೆ ಸುಮ್ಮನೆ ಮಲಗಿದ ಮಕ್ಕಳನ್ನು ಮತ್ತೆ ಶಾಣ್ಯಾ ಎಂದು ಹೊಗಳಿ ಬಿಟ್ಟುಬಿಡುತ್ತಾರೆ. ಇಳಾ ನಿಯಮಗಳ ಮೇಲೆ ಒಂದು ಸಾಲು ಬರೆದರು: ಮೊದಲು ಮನೆಯವರನ್ನು ಕೇಳಿ. ಕೇಳುವುದಕ್ಕೆ ವಿದ್ಯುತ್ತು ಬೇಡ, ತಂತಿ ಬೇಡ. 2058ರವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಐವತ್ತು ವರ್ಷದ ಹಿಂದಿನ ಯಾವ ನರ್ಸು ಬೇಕಾದರೂ ಕೇಳಬಹುದಾಗಿದ್ದ ಮಾತು ಅದು.

ಆಮೇಲೆ ಪಟ್ಟಿಯ ಮೊದಲ ನಂಬರಿಗೆ ಫೋನ್ ಮಾಡಿ ತಾವು ಯಾರೆಂದು ಹೇಳಿದರು.

“ನಿಮ್ಮ ಮಗಳನ್ನ ಮನ್ಯಾಗ ಏನಂತ ಕರೀತಿದ್ರಿ?”



“ಗುಬ್ಬಿ ಅಂತಿದ್ವಿ” ಎಂದಿತು ಗಂಡಸಿನ ದನಿ. “ಆಕಿ ಹೋಗಿ ಎರಡು ವರ್ಷಾತ್ರಿ. ಆಕಿ ಇದ್ದಾಗ ಯಾಕ ಕೇಳಲಿಲ್ಲ ನೀವು?”