ದಿಬ್ಬವೋ, ಗಾಡಿಯೋ?

ನವಶಿಲಾಯುಗದ ಕಲ್ಲುಕೊಡಲಿ ಗಾಜಿನ ಪೆಟ್ಟಿಗೆಯಿಂದ ಮಾಯವಾಗಿತ್ತು. ಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದ ಅಕ್ಕತಂಗಿಯರಲ್ಲಿ ತಂಗಿಯ ಬಳಿ ಬೀಗದಕೈ ಇತ್ತು; ಕೊಡಲಿಯನ್ನು ಅಗೆದು ತೆಗೆದವಳೂ ಅವಳೇ. ಸಂಜೆಯೊಳಗೆ ಸಿಗದಿದ್ದರೆ ಅವಳು ಕೆಲಸ ಬಿಡಬೇಕೆಂದು ಸಂಗ್ರಹಾಲಯದ ಮೇಲ್ವಿಚಾರಕರು ಹೇಳಿಬಿಟ್ಟಿದ್ದರು.

ಟೈಪಿಸ್ಟನಿಗೆ ಒಳಗೊಳಗೇ ಖುಷಿಯಾಯಿತು. ಸಂಗ್ರಹಾಲಯದ ಮಹಡಿಯಲ್ಲಿ ವಾಸವಾಗಿದ್ದು ಹಳೆಯ ಇಂಗ್ಲಿಷಿನ ನಿಘಂಟು ಬರೆಯುತ್ತಿದ್ದ, ಅದಕ್ಕೇ ಎಲ್ಲರೂ ಪದಜ್ಜಿ ಎಂದು ಕರೆಯುತ್ತಿದ್ದ ಮುದುಕಿ ಕಳ್ಳರನ್ನು ಹಿಡಿಯುವುದರಲ್ಲೂ ಎತ್ತಿದ ಕೈ. ಆ ನಿಘಂಟನ್ನು ಟೈಪು ಮಾಡುತ್ತಾ ಇಷ್ಟು ವರ್ಷ ಅವಳ ಬಲಗೈ ಆಗಿದ್ದವನು ಇವನೇ. ಈಚೆಗೆ ಅಜ್ಜಿಯ ಬಾಯಲ್ಲಿ ಬರೀ ತಂಗಿಯ ಜಾಣತನವೇ. ಕೇಳಿ ಕೇಳಿ ಅವನ ಹೊಟ್ಟೆ ಉರಿದುಹೋಗಿತ್ತು.

"ಬೀಗದಕೈ ಅವಳ ಹತ್ರಾನೇ ಇತ್ತಲ್ಲಜ್ಜಿ," ಎಂದ.

"ಅಕ್ಕತಂಗೀರು ಒಂದೇ ಮನೇಲಿರ್ತಾರೆ ಕಣೋ. ಇನ್ನೊಂದು ಬೀಗದಕೈ ಮೇಲ್ವಿಚಾರಕರ ಜೇಬಲ್ಲೇ ಇದೆ. ಯಾರನ್ನ ಬಿಡ್ತೀಯ?"

ಅಜ್ಜಿ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದಳು. ನಡುವೆ ಪುರಾತನ ಸಮಾಧಿದಿಬ್ಬದ ಮಣ್ಣಿನ ಮಾದರಿ. ಅಲ್ಲಿಯವರೆಲ್ಲ ಅದನ್ನು ಇಂಗ್ಲಿಷ್ ಹೆಸರಿನಿಂದ ಬ್ಯಾರೋ ಎನ್ನುತ್ತಿದ್ದರು. ಅದನ್ನು ಆಗಷ್ಟೇ ರಿಪೇರಿ ಮಾಡಿದ್ದರು. ಉಳಿದ ಮಣ್ಣು ತುಂಬಿದ ಕೈಗಾಡಿ ಹೊರಗೆ ಸಾಗಿಸಲು ಕಿಟಕಿಯಾಚೆ ನಿಂತಿತ್ತು.

"ಕೊಡಲಿ ಬ್ಯಾರೋದಲ್ಲಿದೆ," ಎಂದಳು ಅಜ್ಜಿ.

ಮೇಲ್ವಿಚಾರಕರು, ತಂಗಿ, ಟೈಪಿಸ್ಟ ಮೂವರೂ ದಿಬ್ಬದ ಕಡೆ ತಿರುಗಿದರು. ಅಕ್ಕ ಮಾತ್ರ ಕಿಟಕಿಯತ್ತ ನೋಡಿದಳು.

"ಹೋಗಿ ಗಾಡಿ ಮಣ್ಣು ಕೆದಕಿ ನೋಡೋ," ಎಂದಳು ಅಜ್ಜಿ. ಟೈಪಿಸ್ಟ ಕೊಡಲಿ ಹಿಡಿದುಕೊಂಡೇ ಬಂದ. ಅಜ್ಜಿ ಅಕ್ಕನ ಕಡೆ ತಿರುಗಿದಳು.

"ಗೇಟಲ್ಲಿ ಚೀಲ ತಡಕ್ತಾರೆ, ಮಣ್ಣು ತಡಕಲ್ಲ. ಅದಕ್ಕೇ ಗಾಡಿ ಮೇಲೆ ಗುಮಾನಿ ಇತ್ತು. ಹೂತಿಟ್ಟೋರು ಯಾರು ಅಂತ ತಿಳೀಬೇಕಿತ್ತು. ಹಳೇ ಇಂಗ್ಲಿಷಲ್ಲಿ ಬೆಯೋರ್ಗ್ ಅಂದ್ರೆ ಗುಡ್ಡ. ದಿಬ್ಬದ ಬ್ಯಾರೋ ಅದರ ಸಂತಾನ. ಬೆರನ್ ಅಂದ್ರೆ ಹೊರೋದು. ಕೈಗಾಡಿಗೂ ಬ್ಯಾರೋ ಅನ್ನೋ ಹೆಸರು ಬಂದದ್ದು ಅದರಿಂದ. ಹೆಸರು ಒಂದೇ, ನಂಟು ಮಾತ್ರ ಇಲ್ಲ. ದಿನಾ ದಿಬ್ಬಕ್ಕೇ ಬ್ಯಾರೋ ಅನ್ನೋ ನಿನಗೆ ಇವತ್ತು ಗಾಡಿ ಯಾಕಮ್ಮ ನೆನಪಾಯ್ತು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಇಪ್ಪತ್ತು ವರ್ಷ ಮಣ್ಣು ಜರಡಿ ಹಿಡಿದೆ. ಸಿಕ್ಕಿದ್ದು ಬರೀ ಮಡಕೆ ಚೂರು. ಇವಳಿಗೆ ಬಂದ ವಾರದಲ್ಲೇ ಕೊಡಲಿ. ಎಲ್ಲರ ಬಾಯಲ್ಲೂ ಇವಳೇ."

ತನ್ನ ಹೊಟ್ಟೆಯೊಳಗಿನ ಮಾತನ್ನೇ ಅವಳು ಆಡಿದಂತಾಗಿ ಟೈಪಿಸ್ಟ ತಲೆ ತಗ್ಗಿಸಿದ.

ತಂಗಿ ಅಕ್ಕನ ಪಕ್ಕ ಕೂತು ಕೈ ಹಿಡಿದಳು. "ಒಂದು ಮಾತು ಹೇಳಿದ್ರೆ ಕೊಡಲೀನ ನಿನ್ನ ಹೆಸರಲ್ಲೇ ಇಡಿಸ್ತಿದ್ದೆನಲ್ಲೇ ಅಕ್ಕ."

"ಗೊತ್ತು," ಎಂದು ಅಕ್ಕ ಕೈ ಬಿಡಿಸಿಕೊಂಡಳು. "ನನಗೆ ತಡ್ಕೊಳ್ಳೋಕೆ ಆಗದೇ ಇದ್ದದ್ದು ಅದೇ."