ಕಮಲಾಪುರದ ಹೆರಿಗೆ ಖೋಲಿ

ಅರ್ಜಿ ಎರಡನೆಯ ಸಲವೂ ವಾಪಸ್ ಬಂದಾಗ ಶಿವಕಾಂತಮ್ಮ ತಡೆಯಲಿಲ್ಲ. ಕಮಲಾಪುರದಿಂದ ಬೆಳಗಿನ ಮೋಟಾರು ಹತ್ತಿ ನೇರ ಕಲಬುರಗಿಯ ಜಿಲ್ಲಾ ಬೋರ್ಡ್ ಕಚೇರಿಗೆ ಬಂದಳು. ನಿಜಾಮರ ಹೈದರಾಬಾದಿನಲ್ಲಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು ಬಂದವಳು ಆಕೆ. ಊರಲ್ಲೊಂದು ಹೆರಿಗೆ ಖೋಲಿ ತೆರೆಯಲು ಬೋರ್ಡಿನ ನೆರವು ಕೇಳಿದ್ದಳು.

"ನನ್ನ ಅರ್ಜಿ ವಾಪಸ್ ಕಳಿಸಿದವರು ಯಾರ್ರೀ?"

ಮೂಲೆಯ ಮೇಜಿನಿಂದ ಗುಮಾಸ್ತನೊಬ್ಬ ಎದ್ದು ನಿಂತ. "ನಾನೇ ರೀ, ದೌಲಪ್ಪ."

"ಹೋದ ತಿಂಗಳು ಮಹಾಗಾಂವದ ಬಸುರಿ ಒಬ್ಬಾಕಿ ದವಾಖಾನಿ ದಾರಿಯೊಳಗೇ ಜೀವ ಬಿಟ್ಟಳು. ನಿಮಗ ನಾಮಂಜೂರ್ ಅಂತ ಬರಿಯಾಕ ಕೈ ಹ್ಯಾಂಗ ಬಂತು?"

"ನಾಮಂಜೂರ್ ಅಂತ ಯಾರು ಹೇಳಿದ್ರು?"

"ನನಗ ಉರ್ದು ಓದಾಕ ಬರೂದಿಲ್ಲ. ಓದಿದವರು ಹೇಳಿದ್ರು."

ದೌಲಪ್ಪ ಕಾಗದವನ್ನು ಅವಳ ಮುಂದೆ ಹರವಿ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದ. "'ಕೇಳಿದ್ದು ಸಾಲದು.' ಇಷ್ಟೇ ಬರದೀನ್ರಿ. ಔಷಧ ಕೇಳೀರಿ, ಕೂಸುಗಳಿಗೆ ಹಾಲು ಕೇಳೀರಿ. ಬಸುರೇರು ಬರಾಕ ಬಂಡಿ ಕೇಳಿಲ್ಲ."

ಶಿವಕಾಂತಮ್ಮ ಆಗ ಅವನನ್ನು ಸರಿಯಾಗಿ ನೋಡಿದಳು. ಬೈಸಿಕೊಂಡರೂ ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ತುಟಿಯಂಚಿನಲ್ಲಿ ನಗು ಅಡಗಿ ಕೂತಿತ್ತು. ಅವಳ ಕೆನ್ನೆ ಬಿಸಿಯಾಯಿತು.

"ಹಂಗಾದ್ರ ಬರೀರಿ," ಎಂದು ಎದುರಿಗೆ ಕೂತಳು.

ಅವಳು ಹೇಳಿದಳು, ಅವನು ಬರೆದ. ನಡುನಡುವೆ ಲೇಖನಿ ನಿಲ್ಲುತ್ತಿತ್ತು. "ಏನು ನೋಡಾಕತ್ತೀರಿ?" ಎಂದರೆ, "ಮುಂದಿನ ಮಾತಿಗೆ ಕಾಯಾಕತ್ತೀನ್ರಿ," ಎನ್ನುತ್ತಿದ್ದ.

ವಾರದ ಮೇಲೆ ಬೋರ್ಡಿನ ಸಭೆ ಸೇರಿತು; ಶಿವಕಾಂತಮ್ಮನನ್ನೂ ಕರೆಸಿದ್ದರು. ಹಿರಿಯ ಸದಸ್ಯರೊಬ್ಬರು ಮೀಸೆ ತಿರುವಿದರು. "ಲಗ್ನ ಆದ ಮ್ಯಾಲೆ ಈ ಹುಡುಗಿ ಗಂಡನ ಊರಿಗೆ ಹೋಗ್ತಾಳ. ಆಮ್ಯಾಲ ಖೋಲಿಗೆ ಕೀಲಿನೇ."

"ನಾ ಹೋಗೂದಿಲ್ರಿ," ಎಂದಳು ಶಿವಕಾಂತಮ್ಮ. "ನನ್ನ ಕೈ ಹಿಡಿಯಾಂವ ಕಮಲಾಪುರಕ್ಕ ಬರ್ತಾನ."

ಸಭೆಯ ಮಾತು ಬರೆದುಕೊಳ್ಳುತ್ತಿದ್ದ ದೌಲಪ್ಪನ ಕೈ ಅಲ್ಲೇ ನಿಂತಿತು. ಅವಳು ಅತ್ತ ನೋಡಲಿಲ್ಲ. ನೆರವು ಮಂಜೂರಾಯಿತು, ಬಂಡಿಯ ಸಮೇತ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದೌಲಪ್ಪ ಕಮಲಾಪುರದ ಖೋಲಿಯ ಮುಂದೆ ಬಂದಿಳಿದ. ಒಳಗೆ ಬಂಡೆಮ್ಮನೆಂಬ ಕೂಲಿಯವಳ ಹೆರಿಗೆ ನಡೆದಿತ್ತು. ಅವನು ಅಂಗಳದಲ್ಲಿ ಒಲೆಗೆ ಕಟ್ಟಿಗೆ ಇಕ್ಕಿ ನೀರು ಕಾಯಿಸಿ ಬಾಗಿಲಿಗೆ ಇಟ್ಟ. ಹೊತ್ತು ಇಳಿಯುವಾಗ ಕೂಸಿನ ಅಳು ಕೇಳಿತು.

ಶಿವಕಾಂತಮ್ಮ ಅರಿವೆಯಲ್ಲಿ ಸುತ್ತಿದ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಹಣೆಯಲ್ಲಿ ಬೆವರು, ಮುಖದಲ್ಲಿ ಬೆಳಕು.

"ನೌಕರಿ ಇಲ್ಲಿಗೇ ಬದಲಿ ಮಾಡಿಸಿಕೊಂಡು ಬಂದೀನ್ರಿ," ಎಂದ ದೌಲಪ್ಪ. "ನಿಮ್ಮನ್ನ ಕಂಡಾಗಿಂದ ಅಲ್ಲಿ ಮನಸ್ಸು ನಿಲ್ಲವಲ್ದು."

"ನನ್ನ ಕೇಳಲಾರದೇ ಬಂದ್ರಿ? ನಾ ಒಲ್ಲೆ ಅಂದ್ರ?"

"ಊರು ಚಲೋ ಅದ. ಇದ್ದು ಬಿಡ್ತೇನಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಮೊದಲು ಕೈ ತೊಳಕೊಂಡು ಬರ್ರಿ."

ತೊಳೆದು ಬಂದವನ ತೋಳಿಗೆ ಕೂಸನ್ನಿಟ್ಟಳು. ಅವಳ ಬೆರಳು ಅವನ ಬೆರಳ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಉಳಿಯಿತು.

"ಸೋಮವಾರ ನಮ್ಮ ಅವ್ವನ್ನ ಕಾಣ್ರಿ," ಎಂದಳು ಮೆಲ್ಲಗೆ. "ನಾ ಹೂಂ ಅಂದೀನಂತ ಮೊದಲೇ ಹೇಳಿಬಿಡ್ರಿ."